ಜೀವಕನಿಗೆ ಸಿಗದ ಗಿಡ

ಬೌದ್ಧರ ವಿನಯಪಿಟಕದಲ್ಲಿ ಜೀವಕನೆಂಬ ವೈದ್ಯನ ಕತೆಯೊಂದಿದೆ. ತಕ್ಷಶಿಲೆಯಲ್ಲಿ ಏಳು ವರ್ಷ ವೈದ್ಯವಿದ್ಯೆಯನ್ನು ಕಲಿತ ಮೇಲೆ, ಇದಕ್ಕೆ ಕೊನೆಯೆಂಬುದು ಎಂದಿಗೆ ಎಂಬ ಚಿಂತೆ ಅವನಿಗೆ ಹತ್ತಿತು, ಗುರುವನ್ನೇ ಕೇಳಿದ. ಗುರು ಅವನ ಕೈಗೊಂದು ಗುದ್ದಲಿ ಕೊಟ್ಟು, ಊರ ಸುತ್ತ ಒಂದು ಯೋಜನದಷ್ಟು ನೆಲವನ್ನು ಅಲೆದು, ಔಷಧಕ್ಕೆ ಬಾರದ ಗಿಡವೇನಾದರೂ ಕಂಡರೆ ತೆಗೆದುಕೊಂಡು ಬಾ ಎಂದ. ಜೀವಕ ಅಲೆದ, ಹುಡುಕಿದ, ಬರಿಗೈಯಲ್ಲಿ ಹಿಂದಿರುಗಿದ. ಅಂಥ ಗಿಡ ಒಂದೂ ಕಾಣಲಿಲ್ಲವೆಂದ. ಹಾಗಾದರೆ ನಿನ್ನ ವಿದ್ಯೆ ಪೂರೈಸಿತು ಎಂದು ಗುರು ದಾರಿಯ ಬುತ್ತಿ ಕೊಟ್ಟು ಕಳುಹಿಸಿದ. ಮುಂದೆ ಬಿಂಬಿಸಾರನಿಗೂ ಬುದ್ಧನಿಗೂ ವೈದ್ಯನಾದವನು ಇವನೇ.

ಕತೆ ಸೊಗಸಾಗಿದೆ. ಮದ್ದಾಗದ ಬೇರು ಲೋಕದಲ್ಲಿಲ್ಲ, ಬಳಸಬಲ್ಲವನು ಮಾತ್ರ ವಿರಳ ಎಂಬ ಅರ್ಥದ ಸುಭಾಷಿತವೂ ನಮ್ಮಲ್ಲುಂಟು. ತರಗತಿಯಲ್ಲಿ ಈ ಕತೆಯನ್ನು ಹೇಳಿದರೆ ಹುಡುಗರ ಮುಖ ಅರಳುತ್ತದೆ. ಪರೀಕ್ಷೆಗೆ ಬರಿಗೈಯಲ್ಲಿ ಹೋಗಿ ತೇರ್ಗಡೆಯಾದವನ ಮೇಲೆ ಕೆಲವರಿಗೆ ಅಸೂಯೆಯೂ ಆಗುತ್ತದೆ. ಆದರೆ ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆಯೊಂದು ಅದರೊಳಗೆ ಹಾಗೆಯೇ ಉಳಿದುಬಿಡುತ್ತದೆ. ಅಂಥ ಗಿಡವೊಂದು ಸಿಕ್ಕಿದ್ದರೆ ಜೀವಕ ಏನು ಮಾಡುತ್ತಿದ್ದ? ಅಗೆದು ತರುತ್ತಿದ್ದ. ಗುದ್ದಲಿ ಕೊಟ್ಟದ್ದೇ ಅದಕ್ಕೆ. ಯಾವ ಕೆಲಸಕ್ಕೂ ಬಾರದ್ದು ಎಂದು ತೀರ್ಮಾನವಾದ ಗಳಿಗೆಯಲ್ಲೇ ಒಂದು ಗಿಡದ ಬುಡಕ್ಕೆ ಪೆಟ್ಟು ಬೀಳುವುದು ಎಲ್ಲರಿಗೂ ಸಹಜವಾಗಿ ತೋರುತ್ತದೆ. ಉಪಯೋಗವಿಲ್ಲದ ಜೀವಕ್ಕೆ ಇರುವ ಹಕ್ಕು ಎಲ್ಲಿಂದ ಬರಬೇಕು?

ಇದು ತಕ್ಷಶಿಲೆಯಲ್ಲಿಯೇ ಮುಗಿದುಹೋಗಬೇಕಾದ ಪ್ರಶ್ನೆಯಲ್ಲ. ನಮ್ಮ ತರೀಕೆರೆ, ಅಜ್ಜಂಪುರ, ಕಡೂರುಗಳ ಕಡೆ ಅದು ಇಂದು ಬಾಗಿಲಿಗೇ ಬಂದು ನಿಂತಿದೆ.

ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಮೇಲೆ ನಿಂತು ನೀರಿನ ಕಡೆ ಮುಖ ಮಾಡಿದರೆ ಬಯಲುಸೀಮೆಯೆಂಬುದೊಂದು ಇದೆಯೆಂದೇ ನಂಬಲಾಗುವುದಿಲ್ಲ. 71.5 ಟಿ.ಎಂ.ಸಿ., ಎಂದರೆ 7,150 ಕೋಟಿ ಘನ ಅಡಿ ನೀರು ಹಿಡಿಯುವ ಜಲಾಶಯ. ಅದರ ಅಂಚಿಗೆ ತೇಗ, ಮತ್ತಿ, ಹೊನ್ನೆ, ಬಿದಿರು. ಅದರಾಚೆ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಅಭಯಾರಣ್ಯ. ಬೆನ್ನು ತಿರುಗಿಸಿ ಮೂಡಲಿಗೆ ಹೊರಡಿ. ತರೀಕೆರೆ ಕಳೆದು ಅಜ್ಜಂಪುರದ ದಾರಿ ಹಿಡಿಯುವ ಹೊತ್ತಿಗೆ ಮರಗಳು ಕುಳ್ಳಾಗುತ್ತವೆ, ಎಲೆಗಳು ಸಣ್ಣಗಾಗುತ್ತವೆ, ಮುಳ್ಳುಗಳು ಉದ್ದವಾಗುತ್ತವೆ. ಬೀರೂರು, ಕಡೂರುಗಳನ್ನು ದಾಟಿದರೆ ಆಕಾಶ ಅಗಲವಾಗುತ್ತದೆ. ಭೂಮಿಗೆ ನೆರಳು ಕೊಡುವುದಕ್ಕೆ ಮೋಡವನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ. ಮಲೆನಾಡಿನವರು ಈ ಸೀಮೆಗೆ ಹೆಣ್ಣು ಕೊಡುವಾಗ ಒಮ್ಮೆ ಯೋಚಿಸುತ್ತಿದ್ದರು. ಮರುಭೂಮಿ ಎಂದು ಹಾಸ್ಯ ಮಾಡುತ್ತಿದ್ದರು. ಹಾಸ್ಯದ ಜೊತೆಗೆ ಇನ್ನೊಂದು ಮಾತನ್ನೂ ನೆನೆಯಬೇಕು: ಕಾಫಿ, ಏಲಕ್ಕಿಗಳ ಆ ಜಿಲ್ಲೆಗೆ 1947ರವರೆಗೂ ಇದ್ದದ್ದು ಈ ಒಣ ಊರಿನ ಹೆಸರೇ, ಕಡೂರು ಜಿಲ್ಲೆ ಎಂದು.

ಮರುಭೂಮಿಯೇನೂ ಅಲ್ಲ. ಆದರೆ ಕಡಮೆ ನೀರಿನಲ್ಲಿ ಬಾಳುವುದನ್ನು ಕಲಿತ ಗಿಡಗಳ ನಾಡು ಎಂದರೆ ತಪ್ಪಾಗಲಾರದು. ಈ ಗಿಡಗಳ ಪರಿಚಯ ನಮ್ಮ ಪೇಟೆಯ ಓದುಗರಿಗೆ ಹಬ್ಬಗಳ ಮೂಲಕವಾದರೂ ಇದ್ದೇ ಇದೆ. ರಥಸಪ್ತಮಿಯ ಬೆಳಿಗ್ಗೆ ತಲೆ, ಭುಜಗಳ ಮೇಲೆ ಎಕ್ಕದ ಎಲೆಯಿಟ್ಟು ಸ್ನಾನ ಮಾಡುತ್ತೇವೆ. ಸಂಕ್ರಾಂತಿಯಲ್ಲಿ ಮಕ್ಕಳ ತಲೆಯ ಮೇಲೆ ಎಲಚಿಯ ಹಣ್ಣು ಸುರಿಯುತ್ತೇವೆ. ರಾಮನವಮಿಯ ಪಾನಕಕ್ಕೆ ಬೇಲದ ಹಣ್ಣು ಬೇಕು. ಗಣಪತಿಯ ಇಪ್ಪತ್ತೊಂದು ಪತ್ರೆಗಳಲ್ಲಿ ಉತ್ತರಾಣಿ ಇರಬೇಕು. ದೀಪಾವಳಿಯಲ್ಲಿ ಈ ಸೀಮೆಯ ಹಳ್ಳಿಗಳವರು ಬಾಗಿಲಲ್ಲಿ ಸಗಣಿಯ ಗುಪ್ಪೆಯಿಟ್ಟು, ಅದರ ನೆತ್ತಿಗೆ ತಂಗಡಿಯ ಹಳದಿ ಹೂ, ಅಣ್ಣೆಯ ಬಿಳಿಗೆಂಪು ಹೂ ಸಿಕ್ಕಿಸುತ್ತಾರೆ. ನಮ್ಮ ಪಂಚಾಂಗ ಮಲ್ಲಿಗೆ, ಸಂಪಿಗೆಗಳದ್ದಷ್ಟೇ ಅಲ್ಲ; ಬೇಲಿಯ ಮೇಲಿನ, ಬದುವಿನ ಮೇಲಿನ ಗಿಡಗಳದ್ದೂ ಹೌದು.

ಹಬ್ಬದ ದಿನ ಹೀಗಾದರೆ ಉಳಿದ ದಿನಗಳಲ್ಲಿ ಅವು ಮಾಡುತ್ತಿದ್ದ ಕೆಲಸ ಇನ್ನೂ ದೊಡ್ಡದು. ಕೆರೆಯಂಗಳದ ಕರಿಜಾಲಿ ರೈತನಿಗೆ ನೇಗಿಲಾಯಿತು, ಗಾಡಿಯ ಗಾಲಿಯಾಯಿತು. ಅದರ ಕಾಯಿ ಕುರಿ ಮೇಕೆಗಳಿಗೆ, ಅಂಟು ಅಂಗಡಿಗೆ, ಎಳೆಯ ಕಡ್ಡಿ ಹಲ್ಲುಜ್ಜುವುದಕ್ಕೆ, ಮುಳ್ಳು ಬೇಲಿಗೆ. ಹೊಂಗೆಯ ಬೀಜದ ಎಣ್ಣೆ ದೀಪಕ್ಕೆ, ಹಿಂಡಿ ಗೊಬ್ಬರಕ್ಕೆ, ಸೊಪ್ಪು ಗದ್ದೆಗೆ. ಅದರ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವ ಗಾದೆಯನ್ನು ಕಟ್ಟಿದವರು ಮಾರ್ಚಿಯ ಬಿಸಿಲಿನಲ್ಲಿ ನಡೆದವರೇ ಇರಬೇಕು. ಹೊಂಗೆ ಚಿಗುರುವುದು ಸರಿಯಾಗಿ ಆ ಬಿಸಿಲಿನಲ್ಲಿಯೇ. ಹಳ್ಳದ ದಂಡೆಯ ಈಚಲಿನಿಂದ ಚಾಪೆ, ಬುಟ್ಟಿ, ಪೊರಕೆ. ಸೇಂದಿಯ ಮಾತು ಬಿಡೋಣ, ಅದರಿಂದ ಸರ್ಕಾರಕ್ಕೆ ಬರುತ್ತಿದ್ದ ಆದಾಯವನ್ನು ಕಂದಾಯದ ಲೆಕ್ಕಗಳೇ ಹೇಳುತ್ತವೆ. ಎಕ್ಕದ ಕಾಂಡದ ನಾರು ಹಗ್ಗಕ್ಕೆ, ಬಿಲ್ಲಿನ ಹೆದೆಗೆ. ಮಂಗರವಳ್ಳಿಯ ಚೌಕ ಕಾಂಡ ಹಪ್ಪಳಕ್ಕೆ, ಮುರಿದ ಮೂಳೆಗೆ. ಹಂಚಿಕಡ್ಡಿ ಕಸ ಗುಡಿಸುವುದಕ್ಕೆ. ಮುಂಗಾರಿನ ಎರಡು ಹನಿ ಬಿದ್ದರೆ ಸಾಕು, ಹೊಲದ ತುಂಬ ಅಣ್ಣೆಸೊಪ್ಪು, ಗೋಣಿಸೊಪ್ಪು, ಕನ್ನೆಸೊಪ್ಪು. ಯಾರೂ ಬಿತ್ತದ, ಯಾರೂ ಕಂದಾಯ ಕಟ್ಟದ ಈ ಸೊಪ್ಪುಗಳನ್ನು ಹೆಂಗಸರು ಮಡಿಲು ತುಂಬ ಕಿತ್ತು ತಂದು ಬೆರಕೆಸೊಪ್ಪಿನ ಸಾರು ಮಾಡುತ್ತಿದ್ದರು. ಮುದ್ದೆಗೆ ಅದಕ್ಕಿಂತ ಒಳ್ಳೆಯ ಜೊತೆ ಇಂದಿಗೂ ಹುಟ್ಟಿಲ್ಲವೆಂಬುದು ನನ್ನ ಸ್ವಂತ ಅಭಿಪ್ರಾಯ, ಒಪ್ಪದವರೊಡನೆ ಜಗಳವಿಲ್ಲ.

ಇಷ್ಟು ಕೊಟ್ಟ ನೆಲಕ್ಕೆ ನಮ್ಮ ಕಾಗದಪತ್ರಗಳು ಇಟ್ಟಿರುವ ಹೆಸರುಗಳನ್ನು ನೋಡಿ. ಬಂಜರು, ಬೀಳು, ಪಾಳು, ಖರಾಬು. ಕನ್ನಡ ಮೇಷ್ಟರಿಗೆ ಶಬ್ದ ಕಂಡರೆ ಅಲ್ಲಿಯೇ ಕುಳಿತುಬಿಡುವ ಚಾಳಿ, ವಾಚಕರು ಸಹಿಸಬೇಕು. 'ಬೀಳು' ಎಂದರೆ ಬಿದ್ದದ್ದು. ಉತ್ತ ನೆಲ ಎದ್ದು ನಿಂತಿದೆ, ಉಳದ ನೆಲ ಬಿದ್ದಿದೆ ಎಂಬ ಭಾವ ಅದರಲ್ಲಿದೆ. 'ಖರಾಬು' ಎಂದರೆ ಕೆಟ್ಟದ್ದು. ಅರಬ್ಬಿಯಿಂದ ಪಾರಸಿಯ ಮೂಲಕ ಕಚೇರಿಗೆ ಬಂದ ಈ ಮಾತು ನಮ್ಮ ಪಹಣಿಗಳಲ್ಲಿ ಕಲ್ಲುಬಂಡೆಗೂ ಸಲ್ಲುತ್ತದೆ, ಹಳ್ಳಕ್ಕೂ ಸಲ್ಲುತ್ತದೆ, ದಾರಿಗೂ ಸಲ್ಲುತ್ತದೆ, ಹುಲ್ಲು ಬೆಳೆಯುವ ನೆಲಕ್ಕೂ ಸಲ್ಲುತ್ತದೆ. ಹುಲ್ಲುಬನ್ನಿ ಖರಾಬು ಎಂದೊಂದು ವರ್ಗವೇ ಇದೆ. ಹುಲ್ಲು ಬೆಳೆಯುತ್ತದೆ ಎಂದು ಒಪ್ಪಿಕೊಂಡು, ಆದ್ದರಿಂದಲೇ ಕೆಟ್ಟ ನೆಲ ಎಂದು ಬರೆಯುವ ತರ್ಕ ಶಾನುಭೋಗರ ಲೇಖಣಿಗೆ ಮಾತ್ರ ಸಾಧ್ಯ. ಹಸುವಿನ ಅಭಿಪ್ರಾಯವನ್ನು ಕೇಳಿದ್ದರೆ ಬೇರೆ ಶಬ್ದ ಸಿಗುತ್ತಿತ್ತು. ಕಂದಾಯ ಬರುವ ನೆಲ ಒಳ್ಳೆಯದು, ಬಾರದ ನೆಲ ಕೆಟ್ಟದ್ದು ಎಂಬುದು ಖಜಾನೆಯ ದೃಷ್ಟಿಯಿಂದ ಸರಿಯಾದ ಲೆಕ್ಕವೇ. ಲೆಕ್ಕದ ಮಾತು ನೀತಿಯ ಮಾತಾಗಿ ನಾಲಿಗೆಯ ಮೇಲೆ ಕುಳಿತದ್ದು ಆಮೇಲಿನ ಕತೆ.

ಈಗ ಒಂದು ಸುಲಭವಾದ ಉತ್ತರ ಹೊಳೆಯುತ್ತದೆ. ಈ ಗಿಡಗಳು ಇಷ್ಟೆಲ್ಲ ಉಪಯೋಗಕ್ಕೆ ಬರುತ್ತವೆ, ಆದ್ದರಿಂದ ಇವನ್ನು ಉಳಿಸಬೇಕು ಎಂದರೆ ಆಯಿತಲ್ಲ? ನಮ್ಮ ಕಾಲದ ಪರಿಸರಪ್ರೇಮಿಗಳು ಹೆಚ್ಚಾಗಿ ಹೇಳುವುದು ಇದನ್ನೇ. ಮೇಲೆ ನಾನು ಪಟ್ಟಿ ಹೇಳಿದ ರೀತಿಯೂ ಅದೇ. ಆದರೆ ಉಪಯೋಗ ಎಂಬುದು ನ್ಯಾಯಾಲಯದಲ್ಲಿ ಬಹಳ ಹೊತ್ತು ನಿಲ್ಲುವ ಸಾಕ್ಷಿಯಲ್ಲ. ಇಂದು ನಮ್ಮ ಕಡೆಗೆ ಹೇಳುತ್ತಾನೆ, ನಾಳೆ ಎದುರು ಪಕ್ಷಕ್ಕೆ ಹೋಗುತ್ತಾನೆ. ಈ ಸೀಮೆಯ ಚರಿತ್ರೆಯಲ್ಲಿಯೇ ಹಾಗಾದ ನಿದರ್ಶನಗಳಿವೆ.

ತಂಗಡಿಯನ್ನೇ ತೆಗೆದುಕೊಳ್ಳಿ. ದಕ್ಷಿಣ ಭಾರತದ ಚರ್ಮ ಹದಮಾಡುವ ಉದ್ಯಮ ಬಹುಕಾಲ ನಿಂತದ್ದು ಈ ಗಿಡದ ತೊಗಟೆಯ ಮೇಲೆ. ಆಗ ತಂಗಡಿಗೆ ಬೆಲೆಯಿತ್ತು, ಕಡಿಯುವ ಹಕ್ಕಿಗೆ ಹರಾಜಿತ್ತು. ಮುಂದೆ ದಕ್ಷಿಣ ಆಫ್ರಿಕದಲ್ಲಿ ಬೆಳೆಸಿದ ವಾಟಲ್ ಮರದ ತೊಗಟೆ ಬಂದಿತು, ಕ್ರೋಮ್ ಲವಣ ಬಂದಿತು. ತಂಗಡಿ ಮತ್ತೆ ಬೇಲಿಬದಿಯ ಗಿಡವಾಯಿತು. ಗಿಡ ಬದಲಾಗಲಿಲ್ಲ, ಅದೇ ಹಳದಿ ಹೂ, ಅದೇ ತೊಗಟೆ. ಪೇಟೆ ಬದಲಾಯಿತು. ದನ ಕೂಡ ಅದಕ್ಕೆ ಬಾಯಿ ಹಾಕುವುದಿಲ್ಲವಾಗಿ ಅದು ಉಳಿದುಕೊಂಡಿತು ಎನ್ನಬೇಕು. ಈಚೆಗೆ ಸಕ್ಕರೆ ಕಾಯಿಲೆಗೆ ಅದರ ಹೂವಿನ ಕಷಾಯ ಒಳ್ಳೆಯದೆಂದು ಪೇಟೆಯಲ್ಲಿ ಪೊಟ್ಟಣ ಮಾರುತ್ತಿದ್ದಾರೆ. ಹಾಗೆಂದು ಅದರ ಮರ್ಯಾದೆ ಮತ್ತೆ ಏರಿತೇನು? ಇನ್ನೊಂದು ಗುಳಿಗೆ ಬಂದ ದಿನ ಇಳಿಯುತ್ತದೇನು?

ದನಗಳದ್ದೂ ಇದೇ ಕತೆ. ಅಜ್ಜಂಪುರದ ಹೆಸರು ಹೊರನಾಡಿಗೆ ಗೊತ್ತಿರುವುದೇ ಅಮೃತಮಹಲ್ ತಳಿಯಿಂದ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಬೆಣ್ಣೆಯ ಜೊತೆಗೆ ಫಿರಂಗಿ ಎಳೆಯುವ ಎತ್ತುಗಳೂ ಅಲ್ಲಿಂದ ಬಂದವು. ಈ ದನಗಳಿಗಾಗಿ ಸಂಸ್ಥಾನದ ಉದ್ದಗಲಕ್ಕೆ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಯಾವ ಹುಲ್ಲು ಯಾವಾಗ ಮೇಯಿಸಬೇಕು, ಯಾವಾಗ ಬಿಡಬೇಕು ಎಂಬ ಶಾಸ್ತ್ರವೇ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳು ಇಂಗ್ಲಿಷರ ಕೈಗೆ ಹೋದವು. ಖರ್ಚು ಉಳಿಸುವ ಉದ್ದೇಶದಿಂದ 1860ರಲ್ಲಿ ಅವರು ಆ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಬಿಟ್ಟರು. ಆರೇ ವರ್ಷ. 1866ರಲ್ಲಿ ಚದುರಿಹೋದ ತಳಿಯನ್ನು ಹುಡುಕಿ ಕೂಡಿಸಿ ಮತ್ತೆ ಪ್ರಾರಂಭಿಸಬೇಕಾಯಿತು. ದನವಾದ್ದರಿಂದ ಹುಡುಕಿದರೆ ಸಿಕ್ಕಿತು. ಒಂದು ಕಾವಲಿನ ಹುಲ್ಲನ್ನು ಉತ್ತು ಆರು ವರ್ಷವಾದ ಮೇಲೆ ಆ ಹುಲ್ಲು ಬೇಕೆಂದರೆ ಎಲ್ಲಿಗೆ ಹೋಗಿ ಹುಡುಕುವುದು?

ಎಲ್ಲಕ್ಕಿಂತ ವಿಚಿತ್ರವಾದದ್ದು ಪಾಪಾಸುಕಳ್ಳಿಯ ಕತೆ. ಪಾಪಾಸು ಎಂದರೆ ಪಾದರಕ್ಷೆ. ಅಟ್ಟೆಯಂಥ ಅದರ ಕಾಂಡವನ್ನು ಕಂಡು ಹೆಸರಿಟ್ಟ ಕನ್ನಡಿಗನ ವಿನೋದಪ್ರಜ್ಞೆಗೆ ನಮಸ್ಕಾರ. ನಮ್ಮದೇ ಆದ ಕಳ್ಳಿಗಳಲ್ಲಿ ಹಾಲಿದೆ, ಇದರಲ್ಲಿಲ್ಲ. ಇದು ಅಮೆರಿಕದ ಗಿಡ. ಈ ಕಳ್ಳಿಯ ಮೇಲೆ ಬದುಕುವ ಒಂದು ಹುಳುವಿನಿಂದ ಕೆಂಪು ಬಣ್ಣ ತೆಗೆಯಬಹುದೆಂಬ ಆಸೆಗೆ ಕಂಪನಿ ಸರ್ಕಾರದವರು 1795ರಲ್ಲಿ ಹುಳುವನ್ನು ತರಿಸಿದರು. ಬಂದದ್ದು ಬೇರೆ ಜಾತಿಯ ಹುಳು. ಬಣ್ಣ ಸರಿಬರಲಿಲ್ಲ, ಬದಲಾಗಿ ಒಂದು ಬಗೆಯ ಕಳ್ಳಿಯನ್ನು ಅದು ತಿಂದು ಹಾಕಿತು. ಆ ಹುಳುವಿಗೆ ಬಗ್ಗದ ಇನ್ನೊಂದು ಬಗೆಯ ಕಳ್ಳಿ ಮಾತ್ರ ದಕ್ಷಿಣದ ಬಯಲುಗಳನ್ನೆಲ್ಲ ಹಬ್ಬಿಕೊಂಡು, ಊರೊಳಗೆ ಹಾವು ಚೇಳುಗಳಿಗೆ ಮನೆಯಾಯಿತು. ಕೊನೆಗೆ 1926ರಲ್ಲಿ ಸಿಂಹಳದಿಂದ ಮತ್ತೊಂದು ಹುಳುವನ್ನು ತರಿಸಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಮೆಳೆಗಳು ಬೆಳ್ಳಗೆ ಬೂಸಲು ಹಿಡಿದು ಕುಸಿದವು. ಜನ ಸಂತೋಷಪಟ್ಟರು, ಪಟ್ಟದ್ದು ಸರಿಯೇ. ಉಪಯೋಗದ ಹೆಸರಿನಲ್ಲಿ ಬೇರೆ ಖಂಡದಿಂದ ಬಂದ ಗಿಡ, ಉಪದ್ರವದ ಹೆಸರಿನಲ್ಲಿ ಹೋಯಿತು. ಅದರ ಜಾಗಕ್ಕೆ ಈಗ ಬಳ್ಳಾರಿ ಜಾಲಿ ಬಂದಿದೆ. ಅದೂ ಅಮೆರಿಕದ್ದೇ, 1870ರ ದಶಕದಲ್ಲಿ ಸೌದೆಗೆಂದು, ಬೋಳು ನೆಲಕ್ಕೆ ಹಸುರು ಬರಲೆಂದು ತಂದದ್ದು. ಬಡವರ ಒಲೆ ಅದರಿಂದ ಉರಿಯುತ್ತದೆ ಎಂಬುದು ನಿಜ. ಅದರ ಸಿಹಿಕಾಯಿ ತಿಂದ ಮೇಕೆ ಹೋದಲ್ಲೆಲ್ಲ ಅದನ್ನು ಬಿತ್ತುತ್ತದೆ, ಅದು ಹಬ್ಬಿದ ಕೆರೆಯಂಗಳದಲ್ಲಿ ಹುಲ್ಲು ಏಳುವುದಿಲ್ಲ ಎಂಬುದೂ ನಿಜ. ಉಪಯೋಗವೊಂದನ್ನೇ ಅಳತೆಗೋಲು ಮಾಡಿಕೊಂಡರೆ ಬಳ್ಳಾರಿ ಜಾಲಿಗೆ ಕಗ್ಗಲಿಗಿಂತ ಹೆಚ್ಚಿನ ಅಂಕ ಕೊಡಬೇಕಾಗುತ್ತದೆ. ನನ್ನ ಮನಸ್ಸು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಉಪಯೋಗದ ಪಟ್ಟಿಯಲ್ಲಿ ಸಿಗುವುದಿಲ್ಲ.

ಹಾಗಾದರೆ ಎಲ್ಲಿ ಸಿಗುತ್ತದೆ? 1973ರಲ್ಲಿ ರಿಚರ್ಡ್ ರೌಟ್ಲಿ ಎಂಬ ತತ್ತ್ವಜ್ಞ ಒಂದು ಕಲ್ಪನೆಯನ್ನು ಮುಂದಿಟ್ಟ. ಜಗತ್ತೆಲ್ಲ ನಾಶವಾಗಿ ಒಬ್ಬನೇ ಮನುಷ್ಯ ಉಳಿದಿದ್ದಾನೆ. ಅವನು ಸಾಯುವ ಮೊದಲು ಕೈಗೆ ಸಿಕ್ಕ ಗಿಡವನ್ನೂ ಪ್ರಾಣಿಯನ್ನೂ ಕೊಲ್ಲುತ್ತ ಹೋಗುತ್ತಾನೆ. ಅವನ ನಂತರ ಯಾವ ಮನುಷ್ಯನೂ ಇಲ್ಲದ್ದರಿಂದ ಯಾರಿಗೂ ನಷ್ಟವಿಲ್ಲ. ಅವನು ಮಾಡಿದ್ದು ತಪ್ಪೆ? ತಪ್ಪೆಂದು ಬಹುಮಂದಿಗೆ ತೋರುತ್ತದೆ. ತೋರುವುದಾದರೆ, ಗಿಡದ ಬೆಲೆ ಮನುಷ್ಯನಿಗೆ ಅದರಿಂದಾಗುವ ಲಾಭದಲ್ಲಿ ಮುಗಿಯುವುದಿಲ್ಲವೆಂದಾಯಿತು. ಜೀವಕನ ಪರೀಕ್ಷೆಯ ಆಚೆಯ ಬದಿ ಇದು. ಅಲ್ಲಿ ಮನುಷ್ಯನಿದ್ದಾನೆ, ನಿರುಪಯುಕ್ತವಾದ ಗಿಡ ಸಿಗುವುದಿಲ್ಲ; ಇಲ್ಲಿ ಗಿಡಗಳಿವೆ, ಉಪಯೋಗಿಸುವ ಮನುಷ್ಯ ಸಿಗುವುದಿಲ್ಲ.

ಇದಕ್ಕೆ ಆಸ್ಟ್ರೇಲಿಯದವರೆಗೆ ಹೋಗಬೇಕಾಗಿರಲಿಲ್ಲ. ಕನ್ನಡ ಸಾಹಿತ್ಯವನ್ನು ಮೊದಲು ಬೆಳೆಸಿದ ಜೈನರ ಶಾಸ್ತ್ರದಲ್ಲಿ ನಮ್ಮ ಈ ಪದವೇ ಇದೆ, ಆದರೆ ಅರ್ಥ ಬೇರೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಜೀವದ ಲಕ್ಷಣವೇನೆಂದು ಹೇಳುವಾಗ ಬಳಸುವ ಮಾತು 'ಉಪಯೋಗ'. ಅಲ್ಲಿ ಅದರ ಅರ್ಥ ಬಳಕೆಯಲ್ಲ, ಅರಿವು. ಅರಿವು ವಸ್ತುವಿನ ಕಡೆಗೆ ತಿರುಗುವ ಕ್ರಿಯೆಗೆ ಉಪಯೋಗವೆಂದು ಹೆಸರು. ಜ್ಞಾನೋಪಯೋಗ, ದರ್ಶನೋಪಯೋಗ ಎಂದು ಅದಕ್ಕೆ ಎರಡು ಬಗೆ. ಅದು ಇದ್ದರೆ ಜೀವ, ಇಲ್ಲದಿದ್ದರೆ ಅಜೀವ. ಗಿಡಮರಗಳು ಏಕೇಂದ್ರಿಯ ಜೀವಗಳು; ಸ್ಪರ್ಶವೊಂದೇ ಅವುಗಳ ಇಂದ್ರಿಯ. ಆ ಒಂದು ಕಿಂಡಿಯಿಂದ ಬರುವಷ್ಟು ಬೆಳಕಿನಲ್ಲಿ ಅವುಗಳೊಳಗೂ ಉಪಯೋಗವಿದೆ. ಒಂದೇ ಶಬ್ದ: ನಾವು ಹೇಳುವಾಗ ಗಿಡದಿಂದ ನಮಗೇನು ಎಂದು, ಶಾಸ್ತ್ರ ಹೇಳುವಾಗ ಗಿಡದೊಳಗೆ ಏನಿದೆ ಎಂದು. ಮುಟ್ಟಿದರೆ ಮುದುರುವ ಮುಟ್ಟಿದರೆಮುನಿಯನ್ನು ಕಂಡವರಿಗೆ ಇದು ಬರಿಯ ಕವಿಕಲ್ಪನೆ ಎನಿಸುವುದಿಲ್ಲ. ಆದರೂ ನನಗೆ ಬೇಕಾದದ್ದು ಗಿಡಕ್ಕೆ ನೋವಾಗುತ್ತದೆಯೆ ಎಂಬ ವಿಜ್ಞಾನದ ವಾದವಲ್ಲ. ಗಿಡ ತನ್ನ ಕೆಲಸದಲ್ಲಿ ತಾನು ತೊಡಗಿದೆ ಎಂಬಷ್ಟು ಸಾಕು. ಎಂಟು ತಿಂಗಳ ಒಣಗಾಳಿಗೆ ಎಲೆಯನ್ನು ಕಿರಿದುಮಾಡಿಕೊಂಡು, ಬೇರನ್ನು ಕಲ್ಲಿನ ಸಂದಿಗೆ ಇಳಿಸಿ, ಒಂದು ಮಳೆಗೆ ಕಾಯುತ್ತಿರುವ ಕಾರೆಯ ಗಿಡ ನಮಗಾಗಿ ಕಾಯುತ್ತಿಲ್ಲ. ಹಣ್ಣು ಬಿಟ್ಟಾಗ ಕುರಿ ಕಾಯುವ ಹುಡುಗ ಕಿತ್ತು ತಿನ್ನುತ್ತಾನೆ, ತಿನ್ನಲಿ. ಅದು ಅವನಿಗೆ ಸಿಕ್ಕದ್ದು. ಗಿಡ ಬದುಕಿದ್ದಕ್ಕೆ ಅದೇ ಕಾರಣವೆಂದು 'ಖರಾಬು' ಬರೆದವರೂ ಹೇಳಬಾರದು, ಔಷಧದ ಅಂಗಡಿಯವರೂ ಹೇಳಬಾರದು.

ಇಷ್ಟು ಹೇಳುವುದು ಸುಲಭ. ಬಿಸಿಲಿಗೆ ನಿಂತು ಕೇಳಿಸಿಕೊಳ್ಳುವವರಿಗೆ ಇದು ಹೇಗೆ ಕೇಳುತ್ತದೆ ಎಂಬುದನ್ನೂ ನೋಡಬೇಕು. ಕಡೂರಿನ ಕಡೆಯ ಒಬ್ಬ ರೈತರ ಮುಂದೆ, ಅವರ ಹೊಲದ ಬದುವಿನ ಮೇಲೆಯೇ ನಿಂತು, ನಾನು ಈ ಧಾಟಿಯಲ್ಲಿ ಮಾತು ತೆಗೆದೆ. ಅವರು ಬೀಡಿ ಹಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ ಹೇಳಿದರು:

"ನಿಮ್ಗೇನ್ ಬಿಡಿ ಮೇಷ್ಟ್ರೇ. ತಿಂಗಳಾದ್ರೆ ಸಂಬಳ ಬರ್ತದೆ. ತಂಗಡಿ ಹೂ ನೋಡ್ಕಂಡ್ ಕೂತ್ರೂ ನಡೀತದೆ. ನಾನು ಮೂರು ಬೋರು ಕೊರ್ಸಿ ಮೂರೂ ಬತ್ತಿಸ್ಕಂಡೋನು. ಭದ್ರೆ ನೀರು ಬರ್ಲಿ, ಈ ಬದೂನೂ ಬಿಡಕ್ಕಿಲ್ಲ, ಅಡಿಕೆ ಇಡ್ತೀನಿ."

ಈ ಮಾತಿಗೆ ಉತ್ತರ ಕೊಡುವ ಮೊದಲು ಯಾರೂ ಎರಡು ಸಲ ಯೋಚಿಸಬೇಕು. ಭದ್ರೆಯ ನೀರು ಲಕ್ಕವಳ್ಳಿಯಿಂದ ಕಾಲುವೆಗಳಲ್ಲಿ ಹರಿದು ದಾವಣಗೆರೆಯ ಕಡೆಯ ಗದ್ದೆಗಳನ್ನು ಹಸುರುಮಾಡಿ ಅರ್ಧ ಶತಮಾನದ ಮೇಲಾಯಿತು. ಅಣೆಕಟ್ಟಿನ ಪಕ್ಕದ ತಾಲ್ಲೂಕುಗಳು ಅಷ್ಟು ಕಾಲವೂ ಮುಗಿಲು ನೋಡಿಕೊಂಡೇ ಇದ್ದವು. ಈಗ ಭದ್ರಾ ಮೇಲ್ದಂಡೆ ಯೋಜನೆ ತುಂಗೆಯಿಂದ 17.40 ಟಿ.ಎಂ.ಸಿ. ನೀರನ್ನು ಭದ್ರೆಗೆ, ಭದ್ರೆಯಿಂದ 29.90 ಟಿ.ಎಂ.ಸಿ. ನೀರನ್ನು ಮೇಲೆತ್ತಿ, ಅಜ್ಜಂಪುರದ ಬಳಿಯ ಸುರಂಗದ ಮೂಲಕ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಕೊಡಬೇಕೆಂದು ಹೊರಟಿದೆ. 1933ರಲ್ಲಿ ತುಂಬಿ ಕೋಡಿ ಹರಿದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ; ಆ ದಿನ ಹಿರಿಯೂರಿನ ಕಡೆಯ ಜನ ಗಂಗಾಪೂಜೆಗೆ ಹೋದದ್ದರಲ್ಲಿ ಆಶ್ಚರ್ಯವೇನು? ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನ ಕಳೆದುಕೊಂಡ ಜನವನ್ನು ನೆನೆದರೆ ನೀರಿನ ವಿರುದ್ಧ ಮಾತಾಡುವ ನಾಲಿಗೆ ಅಂಟಿಕೊಳ್ಳುತ್ತದೆ. 1871ರ ಖಾನೇಷುಮಾರಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಡಿಕೆ ಇಡುತ್ತೇನೆಂದ ಆ ರೈತರ ಮಾತಿನ ಹಿಂದೆ ಅಂಥ ವರ್ಷಗಳ ನೆನಪು ಇಲ್ಲದಿದ್ದರೂ ಭಯವಿದೆ.

ಆದ್ದರಿಂದ ನೀರು ಬರಲಿ. ಅನ್ನಕ್ಕೆ ಬೇಕಾದ ನೆಲವನ್ನು ಉಳುವುದಕ್ಕೆ ತಂಗಡಿಯ ಅಪ್ಪಣೆ ಬೇಕೆಂದು ನಾನು ಹೇಳಲಾರೆ. ಗಿಡದ ಹಕ್ಕು ಎಂದರೆ ಮುಟ್ಟಬಾರದು ಎಂದಲ್ಲ. ಮುಟ್ಟುವವನು ಕಾರಣ ಹೇಳಬೇಕು ಎಂದು. ಇದುವರೆಗೆ ನಾವು ಗಿಡವನ್ನೇ ಕಟಕಟೆಯಲ್ಲಿ ನಿಲ್ಲಿಸಿ, ನೀನು ಇಲ್ಲಿ ಯಾಕಿದ್ದೀಯೆ, ನಿನ್ನಿಂದೇನು ಪ್ರಯೋಜನ ಎಂದು ಕೇಳುತ್ತಿದ್ದೆವು. ಕಟಕಟೆಯಲ್ಲಿ ನಿಲ್ಲಬೇಕಾದವನು ಗುದ್ದಲಿ ಹಿಡಿದವನು. ಹಸಿದ ರೈತನಿಗೆ ಅಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಅವನು ತಲೆ ಎತ್ತಿಯೇ ಹೇಳಬಹುದು. ಆದರೆ ಬಂಜರಾಗಿತ್ತು, ಖರಾಬಾಗಿತ್ತು, ಸುಮ್ಮನೆ ಬಿದ್ದಿತ್ತು ಎನ್ನುವುದು ಕಾರಣವಲ್ಲ. ಎಷ್ಟೋ ಕಾವಲುಗಳಲ್ಲಿ ಹುಲ್ಲನ್ನು ಉತ್ತು ನೀಲಗಿರಿ ನೆಟ್ಟಾಗ ಕೊಟ್ಟದ್ದು ಇದೇ ಕಾರಣವನ್ನು. ಮರವಿಲ್ಲದ ನೆಲ ಬರಿದಾದ ನೆಲ ಎಂದು ಭಾವಿಸಿದವರು ಹೆಚ್ಚಾಗಿ ಒಳ್ಳೆಯ ಜನವೇ. ವನಮಹೋತ್ಸವಕ್ಕೆ ಹೋಗಿ ಬಂದವರು. ಹುಲ್ಲೂ ಒಂದು ಸಸ್ಯವೆಂಬುದು ಅವರ ಗಮನಕ್ಕೆ ಬರಲಿಲ್ಲ, ಅಷ್ಟೆ.

ಆ ರೈತರೊಡನೆ ನನ್ನ ಮಾತು ಅಲ್ಲಿಗೇ ಮುಗಿಯಲಿಲ್ಲ. ಬದುವಿನ ಒಂದು ಮೂಲೆಯಲ್ಲಿ ಆಳೆತ್ತರದ ತಂಗಡಿಯ ಪೊದೆಯೊಂದನ್ನು ಅವರು ಕಡಿಯದೆ ಬಿಟ್ಟಿದ್ದರು. ಅದನ್ನು ತೋರಿಸಿ, ಅಡಿಕೆ ಇಡುವಾಗ ಇದನ್ನೇನು ಮಾಡುತ್ತೀರಿ ಎಂದೆ. "ಇರ್ಲಿ ಬಿಡಿ, ದೀಪಾವಳಿಗೆ ಬೇಕಲ್ಲ" ಎಂದರು. ಪೇಟೆಯಲ್ಲಿ ಚೆಂಡುಹೂ ಸಿಗುತ್ತದಲ್ಲ ಎಂದು ಕೆಣಕಿದೆ. ಸಿಗುತ್ತದೆಂದು ಒಪ್ಪಿಕೊಂಡು, ಪೊದೆಯ ಕಡೆಗೊಮ್ಮೆ ನೋಡಿ, ಅದು ತಮ್ಮ ತಂದೆಯ ಕಾಲದಿಂದಲೂ ಅಲ್ಲೇ ಇದೆ ಎಂದರು. ಆಮೇಲೆ ಈರುಳ್ಳಿಯ ಧಾರಣೆಯ ಮಾತಿಗೆ ಹೊರಳಿದರು. ಸಿದ್ಧಾಂತವಾಗಿ ಹೇಳು ಎಂದರೆ ಅವರು ಹೇಳುತ್ತಿರಲಿಲ್ಲ. ಆದರೆ ಅಲ್ಲಿ ಹಬ್ಬದ ಉಪಯೋಗ ಮುಗಿದ ಮೇಲೂ ಉಳಿದಿದ್ದ ಕಾರಣವೊಂದು ಇತ್ತು.

ನಮ್ಮ ಸಸ್ಯಗಳ ಬಗೆಗೆ ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರಷ್ಟು ಪ್ರೀತಿಯಿಂದ ಬರೆದವರು ಕಡಮೆ. 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ 'ಹಸುರು ಹೊನ್ನು' ಓದುವಾಗ, ಗಿಡದ ಉಪಯೋಗ ಬರುವ ಮೊದಲೇ ಗಿಡ ಬಂದು ಎದುರಿಗೆ ನಿಂತಿರುತ್ತದೆ. ಶಾಲೆಯ ಪಾಠದಲ್ಲಿ ಹಾಗಾಗುವುದಿಲ್ಲ. ಸಸ್ಯಗಳ ಉಪಯೋಗಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ನಾವೆಲ್ಲ ಐದು ಅಂಕ ಪಡೆದವರೇ. ತಂಗಡಿ ಹೇಗಿರುತ್ತದೆ ಬರೆಯಿರಿ ಎಂದು ಕೇಳಿದ್ದರೆ ಎಷ್ಟು ಮಂದಿ ಪಾಸಾಗುತ್ತಿದ್ದೆವೋ!

ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲೆಂದು ಘೋಷಿಸಿದರು. ಘೋಷಿಸಿದ್ದು ಮುಖ್ಯವಾಗಿ ಕೃಷ್ಣಮೃಗಗಳಿಗಾಗಿ. ಅವು ಸುಂದರವಾದ ಪ್ರಾಣಿಗಳು, ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ. ಅವುಗಳ ಹೆಸರಿನ ನೆರಳಿನಲ್ಲಿ ಅಲ್ಲಿಯ ಕರಡದ ಹುಲ್ಲು, ಕಾರೆ, ಬಂದರಿಕೆ, ಹೆಸರೇ ತಿಳಿಯದ ನೂರು ಸಣ್ಣ ಗಿಡಗಳು ಉಳಿದುಕೊಂಡಿವೆ. ಸುತ್ತಲ ಹೊಲಗಳಿಗೆ ನಾಳೆ ಭದ್ರೆಯ ನೀರು ಹನಿಹನಿಯಾಗಿ ಬಂದಾಗ, ಜಮೀನಿನ ಬೆಲೆ ಏರಿದಾಗ, ಈ ಏಳೆಂಟು ಚದರ ಕಿಲೋಮೀಟರು ಯಾಕೆ ಸುಮ್ಮನೆ ಬಿದ್ದಿದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಜಿಂಕೆಯನ್ನು ತೋರಿಸಿ ಉತ್ತರ ಹೇಳುವುದು ಆಗ ಸುಲಭವಾದೀತು. ಜಿಂಕೆಗಳಿಲ್ಲದ ಕಾವಲುಗಳು ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ಇವೆ. ಅಲ್ಲಿ ಮಳೆಗಾಲದ ಕೊನೆಗೆ ಹುಲ್ಲು ಮೊಣಕಾಲೆತ್ತರ ನಿಂತಿರುತ್ತದೆ, ಗಾಳಿ ಬೀಸಿದ ಕಡೆಗೆ ಬಾಗುತ್ತದೆ, ಪಹಣಿಯಲ್ಲಿ ಅದರ ಹೆಸರು ಇನ್ನೂ ಬದಲಾಗಿಲ್ಲ.